ಮೇಜಿನ ಈಚೆ ಬದಿ: ಕಾಮಿಕ್ಸ್ ಸಮ್ಮೇಳನದಲ್ಲಿ ಕೆಲಸ ಮಾಡಿದ ಅನುಭವ

ಕಾಮಿಕ್ಸ್ ಸಮ್ಮೇಳನದಲ್ಲಿ ಪುಸ್ತಕ ಮಾರುವ ಕೆಲಸಕ್ಕೆ ನಾನು ಬಂದದ್ದು ಪುಸ್ತಕದ ದಾರಿಯಿಂದಲ್ಲ, ಸರತಿ ಸಾಲಿನ ದಾರಿಯಿಂದ. ಕಾರ್ಕಳದ ಕಡೆಯಿಂದ ಬೆಂಗಳೂರಿಗೆ ಓದಲು ಬಂದ ಹೊಸತರಲ್ಲಿ, ನಗರದ ಸಣ್ಣ ಅಭಿಮಾನಿ ಕೂಟವೊಂದಕ್ಕೆ ಸ್ವಯಂಸೇವಕರು ಬೇಕಾಗಿದ್ದಾರೆಂದು ಹಾಸ್ಟೆಲಿನ ಗೆಳತಿಯೊಬ್ಬಳು ಹೇಳಿದಳು. ಒಂದು ಟೀ ಶರ್ಟು, ಒಂದು ಪ್ರಮಾಣಪತ್ರ, ಮಧ್ಯಾಹ್ನದ ಊಟದ ಕೂಪನ್ ಮತ್ತು ಟಿಕೆಟ್ಟಿಲ್ಲದೆ ಒಳಗೆ ಹೋಗುವ ಅವಕಾಶ, ಇಷ್ಟೇ ಸಂಬಳ. ಚಿತ್ರಕಲೆ ಕಲಿಯುತ್ತಿದ್ದ, ತಿಂಗಳ ಕೊನೆಯ ವಾರದಲ್ಲಿ ಬಸ್ ಪಾಸಿನ ಮೇಲೆಯೇ ಬದುಕುತ್ತಿದ್ದ ನನಗೆ ಅದು ಕಡಿಮೆಯೆಂದು ಅನ್ನಿಸಲಿಲ್ಲ. ಊಟದ ಕೂಪನ್ನುಗಳು ನಮ್ಮ ಪಾಳಿ ಮುಗಿಯುವ ಮೊದಲೇ ಖಾಲಿಯಾಗಿದ್ದವು ಎಂಬುದು ಬೇರೆ ಮಾತು.

ಭಾರತದಲ್ಲಿ ಈ ಬಗೆಯ ಸಮ್ಮೇಳನಗಳಿಗೆ ಇನ್ನೂ ದೊಡ್ಡ ವಯಸ್ಸಾಗಿಲ್ಲ. ಜತಿನ್ ವರ್ಮಾ ಅವರು ಆರಂಭಿಸಿದ ಕಾಮಿಕ್ ಕಾನ್ ಇಂಡಿಯಾದ ಮೊದಲ ಸಮಾವೇಶ ನಡೆದದ್ದು 2011ರ ಫೆಬ್ರವರಿಯಲ್ಲಿ, ದೆಹಲಿಯ ದಿಲ್ಲಿ ಹಾಟ್‌ನಲ್ಲಿ; ಮರುವರ್ಷ ಅದು ಬೆಂಗಳೂರಿಗೂ ಬಂದು ಕೋರಮಂಗಲದ ಒಳಾಂಗಣ ಕ್ರೀಡಾಂಗಣದಲ್ಲಿ ಸೇರಿತು, ಆಮೇಲೆ ವೈಟ್‌ಫೀಲ್ಡಿನ ಕೆಟಿಪಿಒ ಎಂಬ ವಸ್ತುಪ್ರದರ್ಶನ ಸಭಾಂಗಣಗಳಿಗೆ ಹೋಯಿತು. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಶೆಲ್ ಡಾರ್ಫ್ ಮತ್ತು ಅವರ ಎಳೆಯ ಗೆಳೆಯರು ಇಂಥದ್ದೊಂದನ್ನು ನಡೆಸಿದ್ದು 1970ರಲ್ಲಿ. ಆ ಬೇಸಿಗೆಯಲ್ಲಿ ಅಲ್ಲಿ ಸೇರಿದ್ದವರು ಸುಮಾರು 300 ಮಂದಿ, ಈಗ ಅಲ್ಲಿಗೆ ಬರುವವರ ಸಂಖ್ಯೆ ಒಂದೂಕಾಲು ಲಕ್ಷವನ್ನು ದಾಟುತ್ತದೆ. ಟೋಕಿಯೊದ ಕಾಮಿಕೆಟ್ ಶುರುವಾದದ್ದು 1975ರಲ್ಲಿ. ಅಲ್ಲಿ ಅಭಿಮಾನಿಗಳು ತಾವೇ ಬರೆದು ತಾವೇ ಅಚ್ಚು ಹಾಕಿಸಿದ ಪುಸ್ತಕಗಳನ್ನು ತಾವೇ ಮೇಜಿನ ಹಿಂದೆ ಕೂತು ಮಾರುತ್ತಾರೆ. ಈ ಎರಡೂ ಕಡೆ ಇಂದಿಗೂ ಸ್ವಯಂಸೇವಕರಿಲ್ಲದೆ ಬಾಗಿಲು ತೆರೆಯುವಂತಿಲ್ಲ. ಲಾಭಕ್ಕಲ್ಲದೆ ನಡೆಯುವ ಕೂಟದಲ್ಲಿ ಬಿಟ್ಟಿ ಚಾಕರಿಗೆ ಅರ್ಥವಿದೆ ಎಂದು ನಾನು ಒಪ್ಪುತ್ತೇನೆ. ಆದರೆ ಟಿಕೆಟ್ಟಿಗೆ, ಮಳಿಗೆಗೆ, ಜಾಹೀರಾತಿಗೆ ದುಡ್ಡು ಎಣಿಸಿಕೊಳ್ಳುವ ಕಡೆಯೂ ಮಕ್ಕಳ ಉತ್ಸಾಹವನ್ನೇ ಕೂಲಿಯ ಬದಲಿಗೆ ಲೆಕ್ಕ ಹಿಡಿಯುವುದು ನನಗೆ ಆಗಲೂ ಸರಿ ಕಾಣಲಿಲ್ಲ, ಈಗಲೂ ಕಾಣುವುದಿಲ್ಲ.

ನನ್ನನ್ನು ಮೊದಲು ಸಾಲು ನೋಡಿಕೊಳ್ಳಲು ಹಾಕಿದರು. ಕೈಗೆ ಕಾಗದದ ಪಟ್ಟಿ ಕಟ್ಟುವುದು, ಪಟ್ಟಿ ಕಿತ್ತವರಿಗೆ ಮತ್ತೊಂದು ಕೊಡಲು ಸಾಧ್ಯವಿಲ್ಲವೆಂದು ವಿವರಿಸುವುದು, ಶೌಚಾಲಯ ಎಲ್ಲಿದೆಯೆಂದು ಕೈ ತೋರಿಸುವುದು, ಇದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಮಧ್ಯಾಹ್ನದ ಮೇಲೆ ಆಯುಧ ತಪಾಸಣೆಯ ಮೇಜಿಗೆ ಕಳಿಸಿದರು; ಆ ಕೂಟದಲ್ಲಿ ನಾನು ನಿಜವಾಗಿ ಏನಾದರೂ ಕಲಿತಿದ್ದರೆ ಅದು ಅಲ್ಲಿ. ಕಾಸ್‌ಪ್ಲೇ ಮಾಡಿಕೊಂಡು, ಅಂದರೆ ಕಾಮಿಕ್ಸಿನ, ಸಿನಿಮಾದ ಪಾತ್ರಗಳ ವೇಷ ಕಟ್ಟಿಕೊಂಡು ಬರುವವರ ಕತ್ತಿ, ಕೊಡಲಿ, ಬಂದೂಕು, ಬಿಲ್ಲುಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು, ಅಂಚಿನ ಮೇಲೆ ಬೆರಳಾಡಿಸಿ, ಒಳಗೆ ಲೋಹದ ಸಲಾಕೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹಿಡಿಕೆಗೆ ಬಣ್ಣದ ಪಟ್ಟಿಯೊಂದನ್ನು ಸುತ್ತಿ ಒಳಗೆ ಬಿಡಬೇಕು. ಇದು ಬರಿಯ ಶಿಸ್ತಿನ ಹುಚ್ಚಲ್ಲ. 2017ರ ಮೇ ತಿಂಗಳಲ್ಲಿ ಅಮೆರಿಕದ ಫೀನಿಕ್ಸ್ ನಗರದ ಸಮ್ಮೇಳನಕ್ಕೆ ಒಬ್ಬ ಗುಂಡು ತುಂಬಿದ ನಿಜ ಬಂದೂಕುಗಳನ್ನು ಹೊತ್ತು ಬಂದು ಸಿಕ್ಕಿಬಿದ್ದ ಮೇಲೆ, ಅಲ್ಲಿ ಆಟದ ಆಯುಧಗಳನ್ನೂ ಒಳಗೆ ಬಿಡದಂತೆ ಮಾಡಿದರು.

ಆ ಮೇಜಿನ ಮೇಲೆ ಬಂದ ಕತ್ತಿಯೊಂದು ನನಗೆ ಚೆನ್ನಾಗಿ ನೆನಪಿದೆ. ತಂದವನು ಡಿಪ್ಲೊಮಾ ಓದುವ ಹುಡುಗ. ಅವನ ಎದೆಯೆತ್ತರಕ್ಕೆ ಬರುವ ಕತ್ತಿ ನೋಡಲು ಎರಡಾಳು ಸೇರಿ ಎತ್ತಬೇಕಾದ ಕಬ್ಬಿಣದಂತಿತ್ತು. ಕೈಗೆ ತೆಗೆದುಕೊಂಡರೆ ಛತ್ರಿಯಷ್ಟೂ ಭಾರವಿಲ್ಲ. ನಡುವೆ ನೀರಿನ ಪಿವಿಸಿ ಪೈಪು, ಅದರ ಎರಡೂ ಕಡೆಗೆ ಇವಿಎ ಎಂಬ ಹಗುರ ಫೋಮಿನ ಹಾಳೆಗಳು, ಹಾಳೆಯ ರಂಧ್ರಗಳು ಮುಚ್ಚಿಕೊಳ್ಳುವಂತೆ ಬಿಸಿ ಗಾಳಿ ಹಾಯಿಸಿ, ಮೇಲೆ ಅಂಟು ಬಳಿದು, ಕಪ್ಪು ಬಣ್ಣ ಕೊಟ್ಟು, ಒಣಗಿದ ಮೇಲೆ ಬೆಳ್ಳಿ ಬಣ್ಣವನ್ನು ಹೆಚ್ಚು ಕಡಿಮೆ ಒಣ ಕುಂಚದಿಂದಲೇ ತೀಡಿ ತೀಡಿ ಅಂಚುಗಳನ್ನು ಮಾತ್ರ ಹೊಳೆಸಿದ್ದ. ಹಿಡಿಕೆಯಲ್ಲಿ ಎಸ್.ಪಿ. ರಸ್ತೆಯಿಂದ ತಂದ ನೀಲಿ ಎಲ್‌ಇಡಿ ಸರ, ಒಳಗೆ ಬ್ಯಾಟರಿ. ಬ್ಯಾಟರಿಯ ಪೆಟ್ಟಿಗೆಯನ್ನು ಬಿಚ್ಚಿ ತೋರಿಸೆಂದಾಗ ಅವನು ಮುಖ ಹುಳ್ಳಗೆ ಮಾಡಿಕೊಳ್ಳುವ ಬದಲು ಖುಷಿಯಿಂದ, ಒಂದೊಂದು ಬೆಸುಗೆಯನ್ನೂ ವಿವರಿಸುತ್ತ ತೋರಿಸಿದ. ಹಿಂದೆ ಸಾಲು ಬೆಳೆಯುತ್ತಿತ್ತು, ನಾನೂ ಕೇಳುತ್ತ ನಿಂತಿದ್ದೆ. 1939ರಲ್ಲಿ ನ್ಯೂಯಾರ್ಕಿನ ಮೊದಲ ವಿಶ್ವ ವಿಜ್ಞಾನಕಥಾ ಸಮ್ಮೇಳನಕ್ಕೆ ಫಾರೆಸ್ಟ್ ಆಕರ್ಮನ್ ಮತ್ತು ಮರ್ಟಲ್ ಡಗ್ಲಸ್ ಭವಿಷ್ಯಲೋಕದ ಉಡುಪು ತೊಟ್ಟು ಹೋದಾಗ ಉಳಿದವರು ಮಾಮೂಲು ಕೋಟಿನಲ್ಲಿದ್ದರಂತೆ. ಆ ಉಡುಪನ್ನು ಮರ್ಟಲ್ ಕೈಯಾರೆ ಹೊಲಿದಿದ್ದರು. ನಮ್ಮ ಕಡೆ ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟುವುದನ್ನು ನೋಡುತ್ತ ಬೆಳೆದ ನನಗೆ ಈ ಹುಡುಗರ ಉಸಾಬರಿ ವಿಚಿತ್ರವೆನಿಸಲಿಲ್ಲ. ವೇಷ ತೊಟ್ಟು ಕುಣಿಯುವುದಕ್ಕಿಂತ ಅದನ್ನು ಕಟ್ಟುವುದರಲ್ಲೇ ಹೆಚ್ಚು ಹೊತ್ತು ಕಳೆಯುವವರು ಎಲ್ಲ ಕಡೆಯೂ ಇದ್ದಾರೆ.

ಆ ಪರಿಚಯದಿಂದಲೇ ಮುಂದೆ, ಕೆಲವು ಗೆಳೆಯರು ಸೇರಿ ನಡೆಸುತ್ತಿದ್ದ ಪುಟ್ಟ ಕಾಮಿಕ್ಸ್ ಪ್ರಕಾಶನಕ್ಕೆ ಸೇರಿದೆ. ನನ್ನ ಮುಖ್ಯ ಕೆಲಸ ಅಕ್ಷರ ಕೂರಿಸುವುದು, ಅಂದರೆ ಚಿತ್ರ ಬರೆದು ಮುಗಿದ ಮೇಲೆ ಪುಟದ ಮೇಲೆ ಮಾತಿನ ಗುಳ್ಳೆಗಳನ್ನು, ಸದ್ದುಗಳನ್ನು, ನಿರೂಪಣೆಯ ಪಟ್ಟಿಗಳನ್ನು ಜೋಡಿಸುವುದು. ಸಮ್ಮೇಳನದ ದಿನ ಬಂದಾಗ ಎಲ್ಲರೂ ಮಾರಾಟಗಾರರೇ. ಆ ಗೆಳೆಯರು ತಮ್ಮ ಮೊದಲ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ತಂದಿದ್ದರು. ಘಟ್ಟದ ದಾರಿಯಲ್ಲಿ ರಾತ್ರಿ ಬಸ್ಸು ಓಡಿಸುವ ಚಾಲಕ ಮತ್ತು ಅವನ ಕಂಡಕ್ಟರನ ಕಥೆಯೊಂದನ್ನು ಮಾತ್ರ ಕನ್ನಡದಲ್ಲೂ ತರೋಣವೆಂದು ನಾನು ಹಟ ಹಿಡಿದೆ. ಕಂಡಕ್ಟರ್ ಇಂಗ್ಲಿಷಿನಲ್ಲಿ ಟಿಕೆಟ್ ಕೇಳುವುದನ್ನು ಓದಿದಾಗಲೆಲ್ಲ ನನಗೆ ಬಸ್ಸಿನಿಂದ ಇಳಿದುಬಿಡೋಣ ಅನ್ನಿಸುತ್ತಿತ್ತು.

ಹಟ ಹಿಡಿಯುವುದು ಸುಲಭ, ಗುಳ್ಳೆಯೊಳಗೆ ಕನ್ನಡವನ್ನು ಕೂರಿಸುವುದು ಸುಲಭವಲ್ಲ. ಇಂಗ್ಲಿಷ್ ಕಾಮಿಕ್ಸಿನಲ್ಲಿ ಮಾತುಗಳನ್ನು ಸಾಮಾನ್ಯವಾಗಿ ದೊಡ್ಡಕ್ಷರಗಳಲ್ಲೇ ಬರೆಯುತ್ತಾರೆ. ಅವುಗಳಿಗೆ ಗೆರೆಯ ಮೇಲಕ್ಕೂ ಕೆಳಕ್ಕೂ ಚಾಚುವ ಬಾಲಗಳಿಲ್ಲ. ಆದ್ದರಿಂದ ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಬಹುದು, ಪದಗಳೂ ಗಿಡ್ಡ, ನಿಡಿದಾದ ಗುಳ್ಳೆಯಲ್ಲೂ ಹಿಡಿಯುತ್ತವೆ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುತ್ತದೆ, ಗುಡಿಸು ಮೇಲೇರುತ್ತದೆ, ಸಾಲುಗಳ ನಡುವೆ ಜಾಗ ಬಿಡದಿದ್ದರೆ ಮೇಲಿನ ಸಾಲಿನ ವತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ‘ಇಳಿಸಿಕೊಳ್ಳುವುದಿಲ್ಲವೇನ್ರೀ’ ಎಂಬ ಒಂದೇ ಪದ ಇಂಗ್ಲಿಷಿನ ನಾಲ್ಕಾರು ಪದಗಳ ಕೆಲಸ ಮಾಡುತ್ತದೆ, ನಿಜ. ಆದರೆ ಅದನ್ನು ನಡುವೆ ತುಂಡು ಮಾಡಿ ಎರಡು ಸಾಲಿಗೆ ಹಾಕಿದರೆ ಓದುವವರ ನಾಲಗೆ ಎಡವುತ್ತದೆ. ಹಾಗಾಗಿ ಇಂಗ್ಲಿಷಿಗೆಂದು ಚಿತ್ರಕಾರ ಬಿಟ್ಟಿದ್ದ ನಿಡಿದಾದ ಜಾಗದಲ್ಲಿ ನಾನು ಅಡ್ಡಗಲದ ಗುಳ್ಳೆ ಹಾಕಬೇಕಾಯಿತು, ಅಡ್ಡಗಲದ ಗುಳ್ಳೆ ಪಾತ್ರದ ಕಿವಿಯನ್ನೋ ಬಸ್ಸಿನ ಕಿಟಕಿಯನ್ನೋ ಮುಚ್ಚಿತು, ಚಿತ್ರಕಾರ ನನ್ನೊಂದಿಗೆ ವಾರಗಟ್ಟಲೆ ಮುನಿಸಿಕೊಂಡ. ಕೂಗಾಟವನ್ನು ತೋರಿಸಲು ದೊಡ್ಡಕ್ಷರವೆಂಬ ಉಪಾಯವೂ ನಮ್ಮಲ್ಲಿಲ್ಲ; ಅಕ್ಷರದ ಗಾತ್ರವನ್ನೇ ಹಿಗ್ಗಿಸಬೇಕು, ಇಲ್ಲವೆ ಗೆರೆಯನ್ನು ದಪ್ಪ ಮಾಡಬೇಕು.

ತಂತ್ರಾಂಶದ ತಾಪತ್ರಯ ಇನ್ನೊಂದು. ಯೂನಿಕೋಡ್ ಕನ್ನಡವನ್ನು ಚಿತ್ರ ತಂತ್ರಾಂಶಕ್ಕೆ ಅಂಟಿಸಿದಾಗ, ಭಾರತೀಯ ಲಿಪಿಗಳಿಗೆಂದು ಇರುವ ಜೋಡಣೆಯ ಆಯ್ಕೆಯನ್ನು ಆನ್ ಮಾಡಿರದಿದ್ದರೆ ಒತ್ತಕ್ಷರಗಳೆಲ್ಲ ಅರ್ಧಚಂದ್ರದಂಥ ಗುರುತು ಹೊತ್ತು ಬಿಡಿಬಿಡಿಯಾಗಿ ಸಾಲಿನಲ್ಲೇ ನಿಲ್ಲುತ್ತವೆ. ಮುದ್ರಣಾಲಯದವರು ಹಳೆಯ ರೂಢಿಯಂತೆ ‘ನುಡಿ’ ತಂತ್ರಾಂಶದ, ಯೂನಿಕೋಡಿಗೆ ಮುಂಚಿನ ಆಸ್ಕಿ ಫಾಂಟಿನಲ್ಲೇ ಕೊಡಿ ಎನ್ನುತ್ತಿದ್ದರು. ಕೊನೆಗೆ ಅಕ್ಷರಗಳನ್ನೆಲ್ಲ ಗೆರೆಗಳಾಗಿ ಪರಿವರ್ತಿಸಿ, ಇನ್ನು ಯಾವ ಯಂತ್ರವೂ ಅವುಗಳನ್ನು ಮುರಿಯಲಾರದಂತೆ ಮಾಡಿ ಕೊಟ್ಟೆವು. ಇಷ್ಟೆಲ್ಲ ಕಷ್ಟದ ನಡುವೆ ನನಗೆ ಹಬ್ಬದಂತಿದ್ದದ್ದು ಸದ್ದುಗಳು. ಬ್ರೇಕಿನ ಕಿರ್‍ರ್, ಗೇರಿನ ಕಟಕಟ, ಮಳೆಯ ಧೋ, ಟಾರ್ಪಾಲಿನ ಪಟಪಟ, ದೂರದ ಗುಡುಗಿನ ಗುಡುಗುಡು, ಕಂಡಕ್ಟರನ ಸೀಟಿಯ ಪೀಂ. ವ್ಯಾಕರಣದ ಪಾಠದಲ್ಲಿ ಅನುಕರಣಾವ್ಯಯವೆಂದು ಉರುಹೊಡೆದಿದ್ದ ಸಂಪತ್ತೆಲ್ಲ ಪುಟದ ತುಂಬ ಹರಡಿಕೊಂಡಿತು. ಇಂಗ್ಲಿಷ್ ಆವೃತ್ತಿಯ ಸದ್ದುಗಳಿಗಿಂತ ನಮ್ಮ ಬಸ್ಸು ಕನ್ನಡದಲ್ಲೇ ಹೆಚ್ಚು ಚೆನ್ನಾಗಿ ಓಡಿತೆಂದು ಮುನಿಸಿಕೊಂಡಿದ್ದ ಚಿತ್ರಕಾರನೂ ಒಪ್ಪಿದ.

ಅಚ್ಚಿನ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ನಡುವೆ ಪಿನ್ ಹೊಡೆಯುವ ಪುಸ್ತಕದಲ್ಲಿ ಪುಟಗಳ ಸಂಖ್ಯೆ ನಾಲ್ಕರ ಗುಣಕದಲ್ಲೇ ಇರಬೇಕು, ಆದ್ದರಿಂದ 30 ಪುಟಕ್ಕೆ ಮುಗಿದ ಕಥೆಯನ್ನು 32ಕ್ಕೆ ಎಳೆಯಬೇಕಾಗುತ್ತದೆ. ಆಫ್‌ಸೆಟ್‌ನಲ್ಲಿ ಸಾವಿರದ ಲೆಕ್ಕದಲ್ಲಿ ಹಾಕಿಸಿದರೆ ಪ್ರತಿಯೊಂದರ ಖರ್ಚು ಇಳಿಯುತ್ತದೆ. ಕೆಲವೇ ನೂರು ಪ್ರತಿ ಸಾಕೆಂದರೆ ಡಿಜಿಟಲ್ ಮುದ್ರಣವೇ ಗತಿ, ಅದರಲ್ಲಿ ಪ್ರತಿಯೊಂದು ದುಬಾರಿ. ಇಂಗ್ಲಿಷನ್ನು ಆಫ್‌ಸೆಟ್‌ನಲ್ಲೂ ಕನ್ನಡವನ್ನು ಡಿಜಿಟಲ್‌ನಲ್ಲೂ ಹಾಕಿಸಿದೆವು. ಮುದ್ರಣಾಲಯದವರು ಕೊಟ್ಟ ಮಾತಿನ ದಿನಕ್ಕೆ ಪುಸ್ತಕ ಬರಲಿಲ್ಲ. ಸಮ್ಮೇಳನದ ಹಿಂದಿನ ರಾತ್ರಿ ಗಾಡಿಯಲ್ಲಿ ಬಂದ ಕಟ್ಟುಗಳು ಇನ್ನೂ ಶಾಯಿಯ ವಾಸನೆ ಹೊಡೆಯುತ್ತಿದ್ದವು.

ಸಭಾಂಗಣದ ಮಳಿಗೆಯೆಂದರೆ ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಬಿಳಿ ಹಲಗೆಗಳ ಗೂಡು. ಒಂದು ಮೇಜು, ಎರಡು ಕುರ್ಚಿ, ಒಂದು ಪ್ಲಗ್ ಪಾಯಿಂಟ್, ನೆತ್ತಿಯ ಮೇಲೆ ಹೆಸರಿನ ಪಟ್ಟಿ. ಬೆಳಕಿಗೆ, ಹೆಚ್ಚುವರಿ ಮೇಜಿಗೆ ಬೇರೆ ದುಡ್ಡು. ಒಬ್ಬಂಟಿ ಕಲಾವಿದರು ಇಷ್ಟು ಜಾಗಕ್ಕೂ ದುಡ್ಡು ಹೊಂದಿಸಲಾರರು. ಅವರಿಗೆ ಸಾಲಾಗಿ ಬರಿ ಮೇಜುಗಳನ್ನು ಹಾಕಿಕೊಡುತ್ತಾರೆ, ಅದೇ ಕಲಾವಿದರ ಓಣಿ. ಬಾಗಿಲು ತೆರೆಯುವ ಮುನ್ನ ಆ ಓಣಿಯಲ್ಲಿ ನಡೆದಾಡುವ ಅರ್ಧ ಗಂಟೆ ನನಗೆ ಬಹಳ ಪ್ರಿಯ. ಯಾರೋ ಪೋಸ್ಟರ್ ನೇತುಹಾಕಲು ಕ್ಲಿಪ್ಪು ಕೇಳುತ್ತಾರೆ, ಇನ್ನಾರೋ ಚಿಲ್ಲರೆ ಕೇಳುತ್ತಾರೆ, ನಾವು ಕತ್ತರಿ ಕೇಳಲು ಹೋಗಿ ಅವರ ಹೊಸ ಪುಸ್ತಕ ಓದುತ್ತ ನಿಲ್ಲುತ್ತೇವೆ.

ಬಾಗಿಲು ತೆರೆದ ಮೇಲೆ ಜನ ಓಡುವುದು ಪುಸ್ತಕದ ಕಡೆಗಲ್ಲ. ಮೊದಲ ಅಲೆ ಬೊಂಬೆಗಳ ಕಡೆಗೆ, ಟೀ ಶರ್ಟುಗಳ ಕಡೆಗೆ, ಆಟದ ಪರದೆಗಳ ಕಡೆಗೆ ಹೋಗುತ್ತದೆ. ಕಾಮಿಕ್ಸಿನ ಹೆಸರಿಟ್ಟುಕೊಂಡ ಸಮ್ಮೇಳನದಲ್ಲಿ ಕಾಮಿಕ್ಸ್ ಮಾರುವವರು ಮೂಲೆಯ ಅತಿಥಿಗಳು ಎಂಬುದನ್ನು ಮೊದಲ ಗಂಟೆಯಲ್ಲೇ ಒಪ್ಪಿಕೊಂಡರೆ ಮನಸ್ಸು ಹಗುರಾಗುತ್ತದೆ. ನಮ್ಮ ಸಾಲಿನಲ್ಲಿ ಹೆಚ್ಚು ಮಾರಾಟವಾಗುತ್ತಿದ್ದದ್ದು ಸ್ಟಿಕ್ಕರು, ಬ್ಯಾಡ್ಜು, ಮತ್ತು ಜಪಾನಿನ ಅಥವಾ ಅಮೆರಿಕದ ಹೆಸರಾಂತ ಪಾತ್ರಗಳನ್ನು ನಮ್ಮ ಕಲಾವಿದರು ತಮ್ಮ ಶೈಲಿಯಲ್ಲಿ ಬರೆದ ಪೋಸ್ಟರುಗಳು. ಹಕ್ಕುಸ್ವಾಮ್ಯದ ಕಾನೂನನ್ನು ಅಕ್ಷರಶಃ ಹಿಡಿದರೆ ಅನುಮತಿಯಿಲ್ಲದ ಅಂಥ ಪೋಸ್ಟರನ್ನು ಮಾರುವಂತಿಲ್ಲ. ಹಕ್ಕುದಾರರು ಎಷ್ಟೋ ಸಲ ಕಂಡೂ ಕಾಣದಂತಿರುತ್ತಾರೆ. ಪಕ್ಕದ ಮೇಜಿನ ಹುಡುಗಿ ಇಂಥ ಪೋಸ್ಟರುಗಳಿಂದ ಬಂದ ದುಡ್ಡಿನಲ್ಲೇ ತನ್ನ ಸ್ವಂತ ಕಥೆಯನ್ನು ಅಚ್ಚು ಹಾಕಿಸುತ್ತಿದ್ದಳು. ಆ ಕಥೆಯ ಪುಸ್ತಕ ಪೋಸ್ಟರುಗಳ ಹಿಂದೆ ಸಣ್ಣ ರಾಶಿಯಾಗಿ ಕೂತಿತ್ತು. ಇದನ್ನು ತಪ್ಪೆಂದು ಹೇಳಲು ನನ್ನ ಬಾಯಿ ಏಳುವುದಿಲ್ಲ, ಸರಿಯೆಂದು ವಾದಿಸಲೂ ಹೋಗುವುದಿಲ್ಲ. ಲೆಕ್ಕದಲ್ಲೂ ಇವೆರಡು ಬೇರೆ ಬೇರೆ: ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಪೋಸ್ಟರಿಗೆ ಇದೆ.

ಪುಸ್ತಕವನ್ನು ಮಾರುವ ಬಗೆ ಬೇರೆ. ಎದುರು ಬಂದವರನ್ನು ಏನು ಬೇಕೆಂದು ಕೇಳಿದರೆ ಸುಮ್ಮನೆ ನೋಡುತ್ತಿದ್ದೇವೆ ಎಂದು ಹೊರಟುಬಿಡುತ್ತಾರೆ. ಪುಸ್ತಕ ಅವರ ಕೈಗೆ ಹೋಗಬೇಕು, ಅದೂ ತೆರೆದ ಪುಟದೊಂದಿಗೆ. ಯಾವ ಪುಟವೆಂಬುದರ ಮೇಲೆ ನಮ್ಮಲ್ಲಿ ಜಗಳವೇ ಆಗಿತ್ತು. ಚಿತ್ರಕಾರನಿಗೆ ಎರಡೂ ಪುಟ ಹಬ್ಬಿದ ಘಟ್ಟದ ದೃಶ್ಯವನ್ನೇ ತೋರಿಸಬೇಕೆಂಬ ಆಸೆ. ಅದನ್ನು ನೋಡಿದವರು ಚೆನ್ನಾಗಿದೆ ಎಂದು ಮೆಚ್ಚಿ ಪುಸ್ತಕ ಕೆಳಗಿಟ್ಟು ಹೋಗುತ್ತಿದ್ದರು. ನಾನು ಏಳನೆಯ ಪುಟ ತೆರೆದು ಕೊಡಲು ಶುರು ಮಾಡಿದೆ. ಅಲ್ಲಿ ಕಂಡಕ್ಟರ್ ಪ್ರಯಾಣಿಕರನ್ನು ಎಣಿಸುತ್ತಾನೆ, ಟಿಕೆಟ್ಟುಗಳನ್ನು ಎಣಿಸುತ್ತಾನೆ, ಒಬ್ಬರು ಹೆಚ್ಚಾಗಿದ್ದಾರೆ. ಪುಟದ ಕೊನೆಯ ಚೌಕಟ್ಟಿನಲ್ಲಿ ಅವನು ಹಿಂದಿನ ಸೀಟಿನ ಕಡೆಗೆ ತಿರುಗುತ್ತಾನೆ, ಅಷ್ಟೇ. ಓದುತ್ತಿರುವವರ ಹೆಬ್ಬೆರಳು ತಾನಾಗಿ ಪುಟದ ಅಂಚಿಗೆ ಹೋಗುತ್ತದೆ. ಆಗ ಮಾತಾಡಬಾರದು. ಬೆಲೆ ಹೇಳಬಾರದು, ನಗಬಾರದು, ಕಥೆಯ ಬಗ್ಗೆ ಒಂದಕ್ಷರವೂ ಬಿಡಬಾರದು. ಪುಟ ತಿರುಗಿಸಿದವರಲ್ಲಿ ಹೆಚ್ಚಿನವರು ಕೊಂಡರು. ತಿರುಗಿಸದವರಲ್ಲಿ ಕೊಂಡವರು ಯಾರೂ ನೆನಪಾಗುತ್ತಿಲ್ಲ.

ಮಾರಾಟದ ನಡುವಿನ ಫಜೀತಿಗಳೂ ಬೇಕಾದಷ್ಟು. ಅಷ್ಟು ಸಾವಿರ ಮೊಬೈಲುಗಳು ಒಂದೇ ಸೂರಿನಡಿ ಸೇರಿದಾಗ ನೆಟ್‌ವರ್ಕ್ ಕುಂಟುತ್ತದೆ. ಯುಪಿಐ ಹಣ ಅತ್ತ ಕಡಿತವಾಗುತ್ತದೆ, ಇತ್ತ ಬಂದಿರುವುದಿಲ್ಲ. ಹಣ ಬಂದಿದೆಯೆಂದು ಕೂಗಿ ಹೇಳುವ ಡಬ್ಬಿಯ ದನಿ ವೇದಿಕೆಯ ಅಬ್ಬರದಲ್ಲಿ ಕೇಳುವುದಿಲ್ಲ. ಗಿರಾಕಿಯ ಪರದೆಯ ಮೇಲಿನ ಹಸಿರು ಗುರುತನ್ನು ನೋಡಿ, ಹೊತ್ತನ್ನು ವಹಿಯಲ್ಲಿ ಬರೆದುಕೊಂಡು, ನಂಬಿ ಪುಸ್ತಕ ಕೊಟ್ಟು, ರಾತ್ರಿ ತಾಳೆ ನೋಡುತ್ತಿದ್ದೆವು. ಸಂಜೆಯ ಹೊತ್ತಿಗೆ ಗಂಟಲು ಕಟ್ಟುತ್ತದೆ, ಕಾಲು ಊದುತ್ತದೆ. ಶುಂಠಿ ಹಾಕಿದ ಬಿಸಿ ನೀರಿನ ಫ್ಲಾಸ್ಕೂ ಮೆತ್ತನೆಯ ಚಪ್ಪಲಿಯೂ ಇಲ್ಲದೆ ಮಳಿಗೆಗೆ ಹೋಗಬಾರದೆಂದು ಹೊಸಬರಿಗೆ ನಾನು ಹೇಳುವುದುಂಟು. ಇನ್ನೊಂದನ್ನೂ ಹೇಳುತ್ತೇನೆ: ವೇಷ ಧರಿಸಿದವರ ಜತೆ ಫೋಟೊ ಬೇಕಾದರೆ ಮೊದಲು ಕೇಳಬೇಕು, ಹೆಗಲ ಮೇಲೆ ಕೈ ಹಾಕುವ ಮುನ್ನ ಮತ್ತೊಮ್ಮೆ ಕೇಳಬೇಕು. ನ್ಯೂಯಾರ್ಕ್ ಕಾಮಿಕ್ ಕಾನ್‌ನವರು 2014ರಲ್ಲಿ, ವೇಷವನ್ನು ಸಮ್ಮತಿಯೆಂದು ತಿಳಿಯಬಾರದೆಂದು ದೊಡ್ಡ ಫಲಕಗಳನ್ನೇ ನಿಲ್ಲಿಸಿದ್ದರು. ನಮ್ಮ ಮಳಿಗೆಯ ಎದುರೇ ಒಬ್ಬ ಹಿರಿಯರು ರೆಕ್ಕೆ ಕಟ್ಟಿಕೊಂಡು ನಿಂತಿದ್ದ ಹುಡುಗಿಯನ್ನು ಬೊಂಬೆಯೆಂಬಂತೆ ಹಿಡಿದು ತಿರುಗಿಸಿದ್ದನ್ನು ಕಂಡ ಮೇಲೆ, ಅಂಥ ಫಲಕ ಇಲ್ಲೂ ಪ್ರತಿ ತಿರುವಿನಲ್ಲಿ ಇರಲಿ ಅನ್ನಿಸಿತು. ಪಕ್ಕದ ಮೇಜಿನ ಹುಡುಗಿ ಎದ್ದು ಹೋಗಿ ಅವರ ಕೈಯನ್ನು ಬಿಡಿಸಿದಳು.

ಕನ್ನಡದ ಪ್ರತಿಗಳು ಮೊದಲ ದಿನದ ಮಧ್ಯಾಹ್ನದವರೆಗೆ ಕದಲಲಿಲ್ಲ. ಹುಡುಗರು ಅವನ್ನು ಎತ್ತಿ ನೋಡಿ, ಓ ಕನ್ನಡ, ಎಂದು ಪ್ರೀತಿಯಿಂದಲೇ ಹೇಳಿ, ಇಂಗ್ಲಿಷ್ ಪ್ರತಿಯನ್ನು ಕೊಂಡು ಹೋಗುತ್ತಿದ್ದರು. ನನ್ನ ಗೆಳೆಯರು ನನ್ನ ಮುಖ ನೋಡಲಿಲ್ಲ, ಅದು ಅವರ ಸೌಜನ್ಯ. ಊಟದ ಹೊತ್ತು ಕಳೆದ ಮೇಲೆ ಐವತ್ತರ ಆಸುಪಾಸಿನವರೊಬ್ಬರು ಬಂದು ಮೇಜಿನ ತುದಿಯಲ್ಲಿ ನಿಂತರು. ಒಂದು ಕೈಯಲ್ಲಿ ಮಗಳ ಬ್ಯಾಗು, ಇನ್ನೊಂದು ಕೈಯಲ್ಲಿ ರಟ್ಟಿನ ದೊಡ್ಡ ಗುರಾಣಿ, ಹೆಗಲ ಮೇಲೆ ಯಾವುದೋ ಬಣ್ಣದ ಕೂದಲಿನ ಟೋಪನ್ನು ಟವೆಲಿನಂತೆ ಹಾಕಿಕೊಂಡಿದ್ದರು. ಮಗಳು ಜಪಾನೀ ಅನಿಮೆಯ ಯಾವುದೋ ಪಾತ್ರವಾಗಿ ಸ್ಪರ್ಧೆಯ ಸಾಲಿನಲ್ಲಿ ನಿಂತಿದ್ದಾಳೆಂದೂ, ಆ ಪಾತ್ರದ ಹೆಸರನ್ನು ಅವಳು ಬೆಳಗಿನಿಂದ ಹೇಳಿಕೊಟ್ಟರೂ ತಮಗೆ ನಿಲ್ಲುತ್ತಿಲ್ಲವೆಂದೂ ಹೇಳಿದರು.

“ಇದೇನಮ್ಮ, ಕನ್ನಡದ್ದಾ?” ಎಂದರು.

“ಹೌದು ಸಾರ್, ಕೂತು ನೋಡಿ,” ಎಂದು ನಮ್ಮ ಕುರ್ಚಿಯನ್ನೇ ಕೊಟ್ಟೆ. ಗುರಾಣಿಯನ್ನು ಮೇಜಿಗೆ ಒರಗಿಸಿ ಅವರು ಮೊದಲ ಪುಟದಿಂದಲೇ ಓದತೊಡಗಿದರು. ಏಳನೆಯ ಪುಟದ ಉಪಾಯದ ಅಗತ್ಯವೇ ಬೀಳಲಿಲ್ಲ. ಅರ್ಧ ಓದಿ ತಲೆಯೆತ್ತಿ, “ಬಾಲಮಂಗಳ ಈಗ ಬರಲ್ವಲ್ಲ, ಡಿಂಗ ಏನಾದ?” ಎಂದು ಕೇಳಿದರು. ಆ ಮಕ್ಕಳ ಪತ್ರಿಕೆಯ, ಅನ್ಯಗ್ರಹದವರಿಂದ ಶಕ್ತಿ ಪಡೆದ ಇಲಿ ಡಿಂಗನ ಬಗ್ಗೆ ನಾವಿಬ್ಬರೂ ಆಡಿದ ಮಾತಿಗೆ ಪಕ್ಕದ ಮೇಜಿನಿಂದ ಇನ್ನೊಬ್ಬ ತಂದೆ ಬಂದು ಸೇರಿಕೊಂಡರು; ಅವರದು ಇಂದ್ರಜಾಲ ಕಾಮಿಕ್ಸಿನ ಕಾಲ, ಫ್ಯಾಂಟಮ್ ಮತ್ತು ಮಾಂತ್ರಿಕ ಮ್ಯಾಂಡ್ರೇಕ್. ಹಾಸನದ ಬಸ್ ನಿಲ್ದಾಣದ ಅಂಗಡಿಯಲ್ಲಿ ದಿನಕ್ಕಿಷ್ಟೆಂದು ಬಾಡಿಗೆಗೆ ತಂದು ಓದುತ್ತಿದ್ದುದನ್ನು ಅವರು ಹೇಳುವಾಗ, ಅವರ ಮಗ ಮೈತುಂಬ ಬೆಳ್ಳಿ ಬಣ್ಣ ಬಳಿದುಕೊಂಡು ಪಕ್ಕದಲ್ಲಿ ನಿಂತು, ಅಪ್ಪ ಇದನ್ನೆಲ್ಲ ಯಾವಾಗ ಓದಿದರು ಎಂಬಂತೆ ನೋಡುತ್ತಿದ್ದ.

ಆಮೇಲೆ ನಾನು ಬೇರೆಯೇ ರೀತಿಯಲ್ಲಿ ಮಾರಲು ನಿಂತೆ. ವೇಷ ತೊಟ್ಟವರನ್ನು ಬಿಟ್ಟು ಅವರ ಹಿಂದೆ ಚೀಲ, ನೀರಿನ ಬಾಟಲಿ, ಬದಲಿ ಚಪ್ಪಲಿ ಹಿಡಿದು ನಡೆಯುವವರನ್ನು ಮಾತಾಡಿಸಿದೆ, ಅದೂ ಕನ್ನಡದಲ್ಲಿ. ಅವರು ಬೆಳಗಿನಿಂದ ತಮಗೆ ಸಂಬಂಧವಿಲ್ಲದ ಗದ್ದಲದಲ್ಲಿ ಕಾಯುತ್ತ ನಿಂತವರು. ಈ ಸಭಾಂಗಣದಲ್ಲಿ ನಿಜವಾಗಿ ಕಾಮಿಕ್ಸ್ ಓದಿ ಬೆಳೆದವರು ಎಷ್ಟೋ ಮಂದಿ ಅವರ ನಡುವೆಯೇ ಇದ್ದರು. ಕನ್ನಡದಲ್ಲಿ ಚಂದಮಾಮ 1940ರ ದಶಕದ ಕೊನೆಯಿಂದಲೇ ಬರುತ್ತಿತ್ತು. ಅಮರ ಚಿತ್ರಕಥೆಯ ಇಂಗ್ಲಿಷ್ ಸರಣಿ ‘ಕೃಷ್ಣ’ನಿಂದ, ಹನ್ನೊಂದನೆಯ ಸಂಖ್ಯೆಯಿಂದ ಆರಂಭವಾಗುವುದಕ್ಕೆ ಕಾರಣವೂ ಕನ್ನಡವೇ: ಅದರ ಪ್ರಕಾಶಕರಾದ ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ 1965ರಲ್ಲಿ ಮೊದಲ ಹತ್ತು ಪುಸ್ತಕಗಳು, ಪಾಶ್ಚಾತ್ಯ ಮಕ್ಕಳ ಕಥೆಗಳ ರೂಪದಲ್ಲಿ, ಕನ್ನಡದಲ್ಲಿ ಬಂದಿದ್ದವು. ಆ ಸರಣಿಯನ್ನು ದೇಶದ ಮನೆಮನೆಗೆ ಮುಟ್ಟಿಸಿದ ಅನಂತ ಪೈ ಅವರು ಹುಟ್ಟಿದ್ದು ನಮ್ಮ ಕಾರ್ಕಳದಲ್ಲಿ. 2011ರ ಫೆಬ್ರವರಿ 19ರಂದು, ದೆಹಲಿಯ ಆ ಮೊದಲ ಸಮ್ಮೇಳನದಲ್ಲಿ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಘೋಷಣೆಯಾಯಿತು. 24ರಂದು ಅವರು ತೀರಿಕೊಂಡರು. ಇದನ್ನು ನಾನು ಮೇಜಿನ ಮುಂದೆ ಹಲವರಿಗೆ ಹೇಳಿದ್ದೇನೆ, ಪುಸ್ತಕ ಮಾರಲು ಅಲ್ಲ, ನಮ್ಮೂರಿನ ಜಂಬಕ್ಕೆ.

ಎರಡನೆಯ ದಿನದ ಸಂಜೆಗೆ ಕನ್ನಡದ ಕಟ್ಟುಗಳು ಬಹುಪಾಲು ಕರಗಿದ್ದವು. ಇದರಿಂದ ನಾನು ಗೆದ್ದೆನೆಂದು ತಿಳಿಯಬೇಕಾಗಿಲ್ಲ. ಡಿಜಿಟಲ್ ಪ್ರತಿಗಳ ಖರ್ಚು ಹೆಚ್ಚಾದ್ದರಿಂದ ಅವುಗಳಲ್ಲಿ ಉಳಿದ ಲಾಭ ಇಂಗ್ಲಿಷಿನದಕ್ಕಿಂತ ಕಡಿಮೆ. ಕೊಂಡವರಲ್ಲಿ ಇಪ್ಪತ್ತರ ಕೆಳಗಿನವರು ಬೆರಳೆಣಿಕೆಯಷ್ಟು. ನೆನಪಿಗಾಗಿ ಕೊಂಡವರು ಮತ್ತೊಂದು ಪುಸ್ತಕಕ್ಕೆ ಬರುತ್ತಾರೆಯೇ ಎಂದು ಗೆಳೆಯರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ಬೆಳ್ಳಿ ಬಣ್ಣದ ಹುಡುಗ ಮಾತ್ರ ಮರುದಿನ ಬಣ್ಣ ತೊಳೆದುಕೊಂಡು ಒಬ್ಬನೇ ಬಂದು, ಅಪ್ಪ ಕೊಂಡ ಪುಸ್ತಕವನ್ನು ಓದಿ ಮುಗಿಸಿದೆನೆಂದೂ, ಒತ್ತಕ್ಷರಗಳನ್ನು ಓದುವಾಗ ನಿಧಾನವಾಯಿತೆಂದೂ, ಎರಡನೆಯ ಭಾಗ ಯಾವಾಗ ಬರುತ್ತದೆಂದೂ ಕೇಳಿದ್ದ.

ಸಮ್ಮೇಳನ ಮುಗಿದ ರಾತ್ರಿ ಹಲಗೆಗಳನ್ನು ಕಳಚುವವರು ನಾವು ಏಳುವುದನ್ನೇ ಕಾಯುತ್ತಿರುತ್ತಾರೆ. ಉಳಿದ ಪ್ರತಿಗಳನ್ನು ಎಣಿಸಿ, ಮೂಲೆ ಮಡಚಿದ ಪ್ರತಿಗಳನ್ನು ಬೇರೆ ಇಟ್ಟು, ಪೆಟ್ಟಿಗೆಗೆ ಅಂಟುಪಟ್ಟಿ ಹಾಕಿ, ಒಂದೇ ಸಾಮಾನು ಗಾಡಿಯನ್ನು ಮೂರು ಮಳಿಗೆಯವರು ಹಂಚಿಕೊಂಡು ಹೊರಟೆವು. ದಾರಿಯಲ್ಲೇ ಎರಡನೆಯ ಭಾಗದ ಮಾತು ಶುರುವಾಯಿತು. ಕನ್ನಡದ ಪ್ರತಿಗಳನ್ನು ಪುಸ್ತಕ ಮೇಳಗಳಿಗೂ ಸಾಹಿತ್ಯ ಸಮ್ಮೇಳನದ ಮಳಿಗೆಗಳಿಗೂ ಒಯ್ಯುವುದೆಂದು, ಅಲ್ಲಿಯ ಬೇಡಿಕೆ ನೋಡಿ ಆಫ್‌ಸೆಟ್‌ಗೆ ಹೋಗುವುದೆಂದು ತೀರ್ಮಾನಿಸಿದೆವು. ಈ ಸಲ ಸಂಭಾಷಣೆಯನ್ನು ಮೊದಲು ಕನ್ನಡದಲ್ಲೇ ಬರೆದಿದ್ದೇವೆ. ಚಿತ್ರಕಾರ ಪೆನ್ಸಿಲ್ ಹಿಡಿಯುವ ಮೊದಲೇ ನಾನು ಪ್ರತಿ ಚೌಕಟ್ಟಿನ ಮಾತನ್ನು ಅಳತೆಗೆ ಜೋಡಿಸಿ ಕೊಡುತ್ತೇನೆ, ಅವನು ಅಷ್ಟು ಜಾಗ ಬಿಟ್ಟು ಬಸ್ಸು ಬರೆಯುತ್ತಾನೆ; ಇಂಗ್ಲಿಷಿನ ಮಾತುಗಳು ಆ ಗುಳ್ಳೆಗಳಲ್ಲಿ ತುಸು ಸಡಿಲವಾಗಿ ಕೂರುತ್ತವೆ.